ಕೆಂಪು ಮಸಿಯೂ ಮಾಲ್ಟಾದ ಮಾತೂ

ನಮ್ಮ ಮನೆಯಲ್ಲಿ ನೀಲಿ ಮಸಿಯ ಪೆನ್ನುಗಳು ಅಲ್ಪಾಯುಷಿಗಳು; ಕೆಂಪು ಮಸಿಯದು ಮಾತ್ರ ಚಿರಂಜೀವಿ. ಯಾರದಾದರೂ ವಿಳಾಸ ಬರೆದುಕೊಳ್ಳಲು ಮೇಜಿನ ಖಾನೆಗೆ ಕೈ ಹಾಕಿದಾಗಲೆಲ್ಲ ಮೊದಲು ಸಿಗುವುದು ಅದೇ. ಜೀವನವಿಡೀ ಕನ್ನಡ ಮಾಸ್ತರನಾಗಿ ಮಕ್ಕಳ ಪ್ರಬಂಧಗಳ ಮೈತುಂಬ ಗಾಯ ಮಾಡಿದವನಿಗೆ ತಕ್ಕ ಶಾಸ್ತಿಯೇ ಆಯಿತೆಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ ನಗಿ.

ಎಪ್ಪತ್ತರ ದಶಕದಲ್ಲಿ ನಾನು ರಾಯಚೂರಿನ ಪ್ರೌಢಶಾಲೆಯೊಂದರಲ್ಲಿದ್ದೆ. ದೇವದುರ್ಗದಲ್ಲಿ ಅಣ್ಣನ ಸಂಸಾರದೊಂದಿಗಿದ್ದ ಅವ್ವ ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಪತ್ರ ಬರೆಸುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ, ಏಳನೆಯ ತರಗತಿಯವರೆಗೆ ಓದಿದ್ದ ಮಹಬೂಬಿ, ಅವ್ವ ಆಡಿದ್ದನ್ನು ಆಡಿದಂತೆಯೇ ಬರೆಯುತ್ತಿದ್ದಳು: “ಮೊಣಕಾಲು ಜರಾ ಹಿಡಕೊಂಡಾವ, ದವಾಖಾನಿಗಿ ಹೋಗಿ ಬಂದೆ. ಖಾಲಿ ಕೈಲೆ ಬಂದ್ರೂ ಚಲೋ, ನಿನ್ನ ಮಾರಿ ಕಂಡ್ರ ಸಾಕು.” ಇಂಥ ಪತ್ರ ಓದಿ ಬಸ್ಸು ಹತ್ತಬೇಕಾದ ಮಗ ಕೆಂಪು ಪೆನ್ನು ಹುಡುಕಿದ. ಸಾಲುಸಾಲನ್ನೂ ತಿದ್ದಿ, ಅಂಚಿನಲ್ಲಿ ಶುದ್ಧ ರೂಪಗಳನ್ನು ನಮೂದಿಸಿ, ಅದೇ ಪತ್ರವನ್ನು ಲಕೋಟೆಯಲ್ಲಿಟ್ಟು ವಾಪಸು ಕಳಿಸುವ ಘನಕಾರ್ಯವನ್ನು ನಾನು ವರ್ಷಗಟ್ಟಲೆ ಮಾಡಿದೆ. ಭಾಷಾಸೇವೆಯ ಹುಚ್ಚು ತಲೆಗೇರಿದವನಿಗೆ ಹೆತ್ತ ತಾಯಿಯೂ ವಿದ್ಯಾರ್ಥಿನಿಯೇ.

ಕ್ರಮೇಣ ಪತ್ರಗಳು ಸುಧಾರಿಸಿದವು. “ತಮ್ಮ ಕ್ಷೇಮಸಮಾಚಾರವನ್ನು ಆಗಾಗ್ಗೆ ತಿಳಿಸುತ್ತಿರಬೇಕಾಗಿ ವಿನಂತಿ” ಎಂದು ಅವ್ವನಿಂದ ಪತ್ರ ಬಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಅವಳು ತೀರಿಕೊಂಡ ಮೇಲೆ, ನಾನು ತಿದ್ದಿ ಕಳಿಸಿದ್ದ ಆ ಹಳೆಯ ಪತ್ರಗಳೇನಾದರೂ ಉಳಿದಿವೆಯೇ ಎಂದು ಮಹಬೂಬಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

“ಮಗನ ಕಣ್ಣಿಗಿ ಚಲೋ ಕಾಣದ್ದು ಯಾಕ ಇಟ್ಕೋಬೇಕು ಅಂತ ಒಲಿಗಿ ಹಾಕಿದಳ್ರಿ. ‘ನನ್ನ ಮಾತು ಬ್ಯಾಡ, ಅವನಿಗಿ ಸಾಲಿ ಮಾತು ಬರಿ ಬೇ’ ಅಂದಳು. ಆಮ್ಯಾಲೆ ನಾನು ಪುಸ್ತಕ ನೋಡಿ ಬರೀತಿದ್ದೆ ಸರ.”

ಮುಂದೆ ಮಾನ್ವಿಗೆ ವರ್ಗವಾಯಿತು. ಅಲ್ಲಿಯ ಶಾಲೆಯ ಕಪಾಟಿನಲ್ಲಿ, ಗೆದ್ದಲೂ ತಿರಸ್ಕರಿಸಿದ್ದ ಇಂಗ್ಲಿಷ್ ವಿಶ್ವಕೋಶದ ಒಂದೇ ಒಂದು ಸಂಪುಟವಿತ್ತು. ಚಳಿಜ್ವರದಲ್ಲಿ ನಡುಗುತ್ತ ಅದರಲ್ಲಿ ಮಲೇರಿಯಾ ಹುಡುಕಿದವನು ಪುಟ ಮಗುಚಿ ಮಾಲ್ಟಾಕ್ಕೆ ಹೋಗಿ ಬಿದ್ದೆ. ಸಮುದ್ರದ ನಡುವಿನ ಆ ಪುಟ್ಟ ದ್ವೀಪದ ಭಾಷೆಯ ಬೇರು, ಸಿಸಿಲಿಯ ಕಡೆಯಿಂದ ಬಂದ ಅರಬ್ಬರ ಆಡುನುಡಿಯಂತೆ. ಅರಬ್ಬರ ಆಳ್ವಿಕೆ ಹೋದರೂ ಮಾತು ಹೋಗಲಿಲ್ಲ; ಅದರ ಮೇಲೆ ಸಿಸಿಲಿಯ, ಇಟಲಿಯ, ಕಡೆಗೆ ಇಂಗ್ಲಿಷಿನ ಶಬ್ದಗಳು ಬಂದು ಕೂತವು. ಬರೆಯುವುದು ರೋಮನ್ ಲಿಪಿಯಲ್ಲಿ. ಚರ್ಚಿನಲ್ಲಿ ಮಂಡಿಯೂರುವ ಆ ಕ್ರೈಸ್ತರು ದೇವರನ್ನು ಕರೆಯುವುದು ‘ಅಲ್ಲಾ’ ಎಂದೇ! ಹಣೆತುಂಬ ವಿಭೂತಿ ಹಚ್ಚಿಕೊಂಡು, ಮಹಬೂಬಿಯ ಮನೆಯ ಉರ್ದುವನ್ನೂ ಆಚೆ ಓಣಿಯ ತೆಲುಗನ್ನೂ ಕನ್ನಡದಲ್ಲಿ ಕಲಸಿ ಆಡುತ್ತಿದ್ದ ಅವ್ವನ ನೆನಪು ಒತ್ತರಿಸಿ ಬಂತು.

ಮಾಲ್ಟಾದಲ್ಲಿಯೂ ನನ್ನಂಥ ಪಂಡಿತರಿಗೆ ಬರವಿರಲಿಲ್ಲ. ಕೋರ್ಟಿಗೂ ಕಾವ್ಯಕ್ಕೂ ಇಟಾಲಿಯನ್, ಮನೆಮಾತು ಅಡುಗೆಮನೆಗೆ; ಅದಕ್ಕೆ ಆಡಳಿತ ಭಾಷೆಯ ಮಾನ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಷ್ಟೇ. ಅದರ ಅತಿ ಹಳೆಯ ಬರಹ ದೊರೆತದ್ದಾದರೂ ಎಲ್ಲಿ? ದಸ್ತಾವೇಜು ಬರೆಯುವವನೊಬ್ಬನ ಹಳೆಯ ದಫ್ತರದಲ್ಲಿ. ಯಾವ ಪುಣ್ಯಾತ್ಮನೋ ಆಡುಮಾತಿನ ಒಂದಷ್ಟು ಸಾಲುಗಳನ್ನು ಅಲ್ಲಿ ಇಳಿಸಿಟ್ಟಿದ್ದ. ಯಾರೂ ಒಲೆಗೆ ಹಾಕಿರಲಿಲ್ಲ, ಅದಕ್ಕೇ ಉಳಿಯಿತು.

ಜ್ವರ ಇಳಿದ ಮೇಲೆ ಟ್ರಂಕು ತೆರೆದು ಅವ್ವನ ಶುದ್ಧ ಪತ್ರಗಳನ್ನೆಲ್ಲ ಮತ್ತೆ ಓದಿದೆ. ವ್ಯಾಕರಣದೋಷ ಒಂದೂ ಇಲ್ಲ, ಅವ್ವನೂ ಇಲ್ಲ. ಅವಳ ಧ್ವನಿಯ ಒಂದು ಸಾಲಿಗಾಗಿ ಜೀವ ಹಂಬಲಿಸುತ್ತಿತ್ತು. ತಳದಲ್ಲಿದ್ದ ಒಂದು ಪತ್ರದ ಅಂಟು ಹಚ್ಚುವ ಮಡಿಕೆಯೊಳಗೆ ಮಹಬೂಬಿಯ ಸಣ್ಣ ಅಕ್ಷರ ಕಂಡಿತು: “ಯಪ್ಪಾ, ಉಂಡಿಯೇನು?” ಪಾಪ, ಪುಸ್ತಕದಲ್ಲಿ ಇಲ್ಲದ ಅವ್ವನ ಮಾತನ್ನು ಅಲ್ಲಿ ಅಡಗಿಸಿ ಬರೆದಿದ್ದಳು. ಅದರ ಸುತ್ತ ನನ್ನದೇ ಕೆಂಪು ಗೆರೆ. ತಿದ್ದಿಟ್ಟು, ವಾಪಸು ಕಳಿಸಲು ಮರೆತಿದ್ದೆ.

ಮೇಜಿನ ಖಾನೆಗೆ ಕೈ ಹಾಕಿದೆ. ನೀಲಿ ಪೆನ್ನು ಎಂದಿನಂತೆ ಬರೆಯಲಿಲ್ಲ, ಕೆಂಪಿನದು ಬರೆಯಿತು. ಆ ಗೆರೆಯ ಪಕ್ಕದಲ್ಲೇ ಉತ್ತರ ಬರೆದೆ: “ಉಂಡೀನಿ ಯವ್ವಾ. ನಿನ್ನ ಮೊಣಕಾಲು ಈಗ ಹ್ಯಾಂಗ ಅದಾವ?”