ಅಟ್ಟದ ಮೇಲಿಟ್ಟ ಮೂಕಿ ಚಿತ್ರ

ಅವರಿಗೆ ಹುಬ್ಬುಗಳಿರಲಿಲ್ಲ. ಹುಬ್ಬಿರಬೇಕಾದ ಜಾಗದಲ್ಲಿ ಚರ್ಮ ನುಣುಪಾಗಿ ಮಿರುಗುತ್ತಿತ್ತು. ಮುಂಬಯಿಯ ಸ್ಟುಡಿಯೋದಲ್ಲಿ ಖಳನ ಪಾತ್ರಕ್ಕೆಂದು ಅವರ ಹುಬ್ಬು ಬೋಳಿಸಿ, ಕಿವಿಯ ಕಡೆಗೆ ಏರುವ ಹಾಗೆ ಕಾಡಿಗೆಯಲ್ಲಿ ಬೇರೆ ಹುಬ್ಬು ಬರೆಯುತ್ತಿದ್ದರಂತೆ. ನಾಲ್ಕು ವರ್ಷ ಹೀಗೆ ಬೋಳಿಸಿ, ಏನೇನೋ ಬಣ್ಣ ಬಳಿದು, ಕೊನೆಗೆ ಕೂದಲು ಬರುವುದೇ ನಿಂತುಹೋಯಿತು. ನಮ್ಮೂರಿನವರು ಇದನ್ನು ನಂಬುತ್ತಿರಲಿಲ್ಲ. ಯಾವುದೋ ಕಾಯಿಲೆಯಿಂದ ಉದುರಿರಬೇಕು ಎನ್ನುತ್ತಿದ್ದರು.

ಸಿನಿಮಾಕ್ಕೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ ನಟರಾಗಿದ್ದವರು ಅವರು. ಊರವರೆಲ್ಲ ಮೂಕಿ ತಾತ ಎಂದು ಕರೆಯುತ್ತಿದ್ದರು. ನಾನು ಅವರನ್ನು ಹತ್ತಿರದಿಂದ ಕಂಡದ್ದು ಎಪ್ಪತ್ತರ ದಶಕದಲ್ಲಿ. ಆಗ ಅವರಿಗೆ ಎಪ್ಪತ್ತು ಸಮೀಪಿಸಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ತಂದೆ ತೀರಿಕೊಂಡ ಮೇಲೆ ಹೊನ್ನವಳ್ಳಿ ಕಡೆಯ ನಮ್ಮ ತೋಟ ನೋಡಿಕೊಳ್ಳುತ್ತಿದ್ದ ಸಂಸಾರಸ್ಥ. ನಮ್ಮಲ್ಲಿಗೆ ಅವರು ತೆಂಗಿನಕಾಯಿ ಆರಿಸುವ ಕೆಲಸಕ್ಕೆ ಬರುತ್ತಿದ್ದರು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎಂದರೆ ಒಂದು ಕಡೆ, ಇನ್ನೂ ನೀರಿದ್ದರೆ ಮತ್ತೊಂದು ಕಡೆ. ಕೆಟ್ಟ ಕಾಯಿ ಸಿಕ್ಕಿದಾಗ ಅವರು ಅದನ್ನು ಎಸೆಯುವ ಮೊದಲೇ ಮುಖದಲ್ಲಿ ಗೊತ್ತಾಗುತ್ತಿತ್ತು. ಹತ್ತಿರದವರು ಸತ್ತ ಸುದ್ದಿ ಬಂದವರ ಹಾಗೆ ಕೆನ್ನೆ ಇಳಿಬಿಡುತ್ತಿದ್ದರು. ಜೊತೆಗೆ ಕೂತ ಹೆಂಗಸರು ನಗುತ್ತಿದ್ದರು.

"ತಾತ, ಸಿನಿಮಾದಾಗೆ ಏನ್ ಮಾಡ್ತಿದ್ದೆ, ಹೇಳು ಮತ್ತೆ."

"ಏನ್ ಮಾಡ್ತಿದ್ದೆ, ಹುಡ್ಗೀನ ಎತ್ತಾಕ್ಕಂಡ್ ಹೋಗ್ತಿದ್ದೆ. ಕೊನೇಲಿ ಒದೆ ತಿಂತಿದ್ದೆ."

ಅವರು ಹೇಳುತ್ತಿದ್ದ ಒಂದು ಸಂಗತಿ ನನಗೆ ಬಹಳ ಇಷ್ಟ. ಮಾತು ಯಾರಿಗೂ ಕೇಳಿಸದಿದ್ದರೂ ತುಟಿ ಆಡಲೇಬೇಕಿತ್ತು. ನಾಯಕಿಯಾದ ಆಂಗ್ಲೋ-ಇಂಡಿಯನ್ ಹುಡುಗಿ ಇಂಗ್ಲಿಷಿನಲ್ಲಿ ಏನೋ ಬೇಡಿಕೊಳ್ಳುವಳು. ಇವರು ಕತ್ತಿ ಹಿರಿದು, ಕಣ್ಣು ಕೆಂಪಗೆ ಮಾಡಿಕೊಂಡು, ನಮ್ಮ ತಿಪಟೂರು ಕಡೆಯ ಕನ್ನಡದಲ್ಲಿ, "ಮುದ್ದೆ ತಿಂದು ತಿಂಗ್ಳಾಯ್ತು ಕಣೇ, ಹುಳ್ಳಿ ಸಾರಿನ್ ವಾಸ್ನೆ ಕೂಡ ಮರ್ತೋಯ್ತು" ಎಂದು ಅಬ್ಬರಿಸುವರು. ಆಕೆ ನಡುಗುವಳು. ನಿರ್ದೇಶಕನಿಗೆ ಬಹಳ ಮೆಚ್ಚುಗೆ.

ಆಮೇಲೆ ಮಾತಿನ ಸಿನಿಮಾ ಬಂತು. ಮೈಕಿನ ಮುಂದೆ ನಿಲ್ಲಿಸಿ ಎರಡು ಸಾಲು ಹಿಂದಿ ಹೇಳಿಸಿದರು. ಅದನ್ನು ಕೇಳಿ ಬಾಗಿಲಲ್ಲಿ ನಿಂತಿದ್ದ ಬಡಗಿಯೂ ನಕ್ಕನಂತೆ. "ನನ್ ಮಖ ಏನೂ ತಪ್ಪು ಮಾಡಿರ್ಲಿಲ್ಲ ಕಣಪ್ಪ. ನಾಲ್ಗೆ ಮಾಡಿದ್ದಕ್ಕೆ ಮಖಕ್ಕೂ ಕೆಲ್ಸ ಹೋಯ್ತು" ಎನ್ನುತ್ತಿದ್ದರು. ಹಳೆಯ ಫಿಲಮ್ಮುಗಳನ್ನೆಲ್ಲ ಸ್ಟುಡಿಯೋದವರು ಕರಗಿಸಿ ಬಳೆ ಮಾಡುವವರಿಗೆ ಕೊಡುತ್ತಿದ್ದಾಗ ತಾವು ನಟಿಸಿದ್ದ ಒಂದು ಚಿತ್ರದ ಒಂದೇ ಒಂದು ಸುರುಳಿಯನ್ನು ಕೇಳಿ ಪಡೆದು, ತಗಡಿನ ಡಬ್ಬದಲ್ಲಿಟ್ಟುಕೊಂಡು ತಿಪಟೂರು ಸ್ಟೇಷನ್ನಿನಲ್ಲಿ ಇಳಿದಿದ್ದರು. ಮದುವೆಯಾಗಲಿಲ್ಲ. ಟೆಂಟ್ ಸಿನಿಮಾಗಳಲ್ಲಿ ಟಿಕೆಟ್ ಹರಿದರು, ನಾಟಕದವರಿಗೆ ಬಣ್ಣ ಹಚ್ಚಿದರು, ಕೊನೆಗೆ ನಮ್ಮ ಕಾಯಿ ರಾಶಿಯ ಮುಂದೆ ಕೂತರು.

ಒಂದು ಮಳೆಗಾಲ ಅವರ ಗುಡಿಸಲು ಸೋರತೊಡಗಿದಾಗ ಆ ಡಬ್ಬವನ್ನು ಪಂಚೆಯಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಕೊಡುವ ಮೊದಲು ನನ್ನನ್ನು ಕಿಟಕಿಯ ಹತ್ತಿರ ಕರೆದು, ಮೊಳದುದ್ದ ಫಿಲಂ ಬಿಚ್ಚಿ ಬೆಳಕಿಗೆ ಹಿಡಿದರು. ಉಗುರಿನಗಲದ ಚಿತ್ರಗಳು. ಏರುಹುಬ್ಬಿನ ಯುವಕನೊಬ್ಬ ಕುದುರೆಯ ಲಗಾಮು ಹಿಡಿದು ನಗುತ್ತಿದ್ದ. ಮೂಗು, ಗಲ್ಲ, ಎಡಗೆನ್ನೆಯ ನರಹುಲಿ, ಎಲ್ಲ ಅವರದೇ.

"ನೋಡಿದ್ಯಾ?"

"ನೋಡ್ದೆ ಯಜಮಾನ್ರೇ. ನೀವೇ."

"ಊರ್ನಾಗೆ ಇದನ್ನ ನೋಡ್ದೋನು ನೀನೊಬ್ನೇ. ತಣ್ಣಗಿರೋ ಕಡೆ ಇಡು. ಇದಕ್ಕೆ ಕಾವು ಆಗಲ್ಲ."

ಆಯಿತು ಎಂದೆ. ಎಂದವನು ಅದನ್ನು ಅಟ್ಟಕ್ಕೆ ಹಾಕಿಸಿದೆ. ನಮ್ಮ ಕಡೆ ಕೆಡಬಾರದ ವಸ್ತು ಯಾವುದಿದ್ದರೂ ಅಟ್ಟಕ್ಕೇ ಹೋಗುತ್ತದೆ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಬಿಸಿ. ಅದರಲ್ಲೇ ಕಾಯಿ ಹದವಾಗಿ ಕೊಬ್ಬರಿಯಾಗುತ್ತದೆ, ಬಿತ್ತನೆಯ ಕಾಳು ಹುಳು ಹಿಡಿಯದೆ ಉಳಿಯುತ್ತದೆ. ಅವರ ಮಾತನ್ನು ನಾನು ಮರೆತಿರಲಿಲ್ಲ. ಅಟ್ಟದ ವಿಚಾರ ನನಗಿಂತ ಈ ಬಣ್ಣ ಹಚ್ಚುವವರಿಗೆ ಹೆಚ್ಚು ಗೊತ್ತೇ ಎಂದುಕೊಂಡೆ, ಅಷ್ಟೆ. ಐದು ಬೇಸಿಗೆ ಕಳೆದವು.

ಎಂಬತ್ತರ ದಶಕದ ಆರಂಭದಲ್ಲಿ, ಹಳೆಯ ಸಿನಿಮಾಗಳನ್ನು ಹುಡುಕಿ ಕಾಪಾಡುವ ಕೆಲಸದಲ್ಲಿದ್ದ ಒಬ್ಬರು ಯಾರಿಂದಲೋ ಸುದ್ದಿ ತಿಳಿದು ಅವರಿಗೆ ಕಾಗದ ಬರೆದರು. ಇಂಥ ದಿನ ಬರುತ್ತೇನೆ, ನಿಮ್ಮ ಹತ್ತಿರ ಇರುವ ಸುರುಳಿಯನ್ನು ನೋಡಬೇಕು ಎಂದು. ಮೂಕಿ ತಾತ ಆ ಕಾಗದವನ್ನು ಊರೆಲ್ಲ ತೋರಿಸಿದರು. ಐವತ್ತು ವರ್ಷ ಯಾರೂ ನಂಬದ ಮಾತು ಅಂದು ರುಜುವಾಗುವುದಿತ್ತು.

ಕಾಗದ ಬರೆದವರು ಬರುವ ದಿನ ಬೆಳಿಗ್ಗೆ ಅಟ್ಟ ಹತ್ತಿ ಡಬ್ಬ ತೆಗೆದೆ. ಮೂಗು ಸುಡುವಂಥ ಘಾಟು ಎದ್ದಿತು. ಒಳಗೆ ಸುರುಳಿ ಇರಲಿಲ್ಲ; ಹಳೆಯ ಬೆಲ್ಲದಂತೆ ಕರಗಿ ಅಂಟಿಕೊಂಡ ಒಂದು ಮುದ್ದೆ, ಅದರ ಸುತ್ತ ಕಂದು ಪುಡಿ. ನಮ್ಮ ಮನೆಯಲ್ಲಿ ಇಟ್ಟದ್ದು ಕೆಡುವುದಿಲ್ಲ ಎಂಬ ಹೆಸರು ನಮ್ಮ ತಂದೆಯ ಕಾಲದಿಂದ ಇತ್ತು. ಊರಿನವರು ಮದುವೆಯ ಒಡವೆ, ಜಮೀನಿನ ಪತ್ರ ತಂದಿಡುತ್ತಿದ್ದರು. ನಾನು ಯಾರಿಗೂ ಹೇಳದೆ ಅದನ್ನು ತಿಪ್ಪೆಗೆ ಸುರಿದು, ಡಬ್ಬ ತೊಳೆದು ಹಿತ್ತಲಲ್ಲಿ ಕವುಚಿದೆ.

ಬಂದವರು ನಮ್ಮ ಜಗಲಿಯ ಮೇಲೆ ಕೂತರು. ಸುತ್ತ ಹತ್ತಿಪ್ಪತ್ತು ಜನ. ಮೂಕಿ ತಾತ ಒಗೆದ ಅಂಗಿ ಹಾಕಿ, ಅಂದು ಮಾತ್ರ ಎಲ್ಲಿಂದಲೋ ಕಾಡಿಗೆ ತಂದು ಹುಬ್ಬು ಬರೆದುಕೊಂಡಿದ್ದರು. "ತತ್ತಾರಪ್ಪ ಡಬ್ಬ" ಎಂದರು.

"ಯಾವ ಡಬ್ಬ ಯಜಮಾನ್ರೇ? ಆ ತಗಡಿನ್ದಾ?" ನನ್ನ ದನಿ ನನಗೇ ಸಲೀಸಾಗಿ ಕೇಳಿಸಿತು. "ಅದ್ರಾಗೆ ಏನಿತ್ತು? ಖಾಲಿ ಡಬ್ಬ ಕೊಟ್ಟಿದ್ರಿ. ನಮ್ಮನೆಯವ್ಳು ಹುಣಸೆಹಣ್ಣು ತುಂಬವ್ಳೆ."

ಯಾರೋ ಕಿಸಕ್ಕೆಂದರು. "ಹೇಳ್ಲಿಲ್ವಾ ನಾನು, ಮುದ್ಕ ಬರೀ ಬೂಸಿ ಬಿಡ್ತಾನೆ ಕಣ್ಲಾ" ಎಂದಿತು ಇನ್ನೊಂದು ದನಿ.

ಕಿಟಕಿಯ ಹತ್ತಿರ ನೀನು ನೋಡಲಿಲ್ಲವೇ ಎಂದು ಅವರು ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಅವರು ನನ್ನ ಮುಖ ನೋಡಿದರು. ಮುಖ ಓದುವುದೇ ಅವರ ಕಸುಬಾಗಿತ್ತು. ಆಮೇಲೆ ಬಂದವರ ಕಡೆ ತಿರುಗಿ, "ಇರ್ಬೋದು ಸ್ವಾಮಿ. ವಯಸ್ಸಾಯ್ತು. ಖಾಲಿನೇ ಇತ್ತೇನೋ" ಎಂದರು. ಬಂದವರು ಸೌಜನ್ಯವಂತರು. ಎರಡು ಮಾತಾಡಿಸಿ, ಬರೆದುಕೊಳ್ಳಲು ತೆಗೆದಿದ್ದ ಪುಸ್ತಕವನ್ನು ಚೀಲಕ್ಕೆ ಹಾಕಿ ಮಧ್ಯಾಹ್ನದ ಬಸ್ಸಿಗೆ ಹೋದರು.

ಅಂದಿನಿಂದ ಊರಿನಲ್ಲಿ ಅವರ ಹೆಸರು ಖಾಲಿ ಡಬ್ಬ ಎಂದಾಯಿತು. ಕೆಲಸಕ್ಕೆ ಬರುವುದನ್ನು ಅವರು ಬಿಡಲಿಲ್ಲ. ಆದರೆ ಕತೆ ಹೇಳುವುದು ನಿಂತಿತು; ಕೆಟ್ಟ ಕಾಯಿ ಬಂದರೂ ಮುಖ ಹಾಗೇ ಇರುತ್ತಿತ್ತು. ಒಂದು ದಿನ ಹೆಂಗಸರು ಊಟಕ್ಕೆ ಎದ್ದಾಗ ಅವರ ಪಕ್ಕ ಕೂತು, ಅದು ಕರಗಿಹೋಗಿತ್ತು, ತಪ್ಪಾಯಿತು ಎಂದೆ.

"ಗೊತ್ತು ಕಣಪ್ಪ. ಅವತ್ತೇ ನಿನ್ ತಿಪ್ಪೆ ಕಡೆಯಿಂದ ವಾಸ್ನೆ ಬಂತು. ಆ ಫಿಲಂ ಕೊಳೆಯೋ ವಾಸ್ನೆ ನಂಗೆ ಗೊತ್ತಿಲ್ವಾ?" ಕೈಯಲ್ಲಿದ್ದ ಕಾಯನ್ನು ಅಲ್ಲಾಡಿಸಿ ಪಕ್ಕಕ್ಕಿಟ್ಟರು. "ಹೋಗಿದ್ ಹೋಯ್ತು ಬುಡು. ನೀನು ನೋಡಿದ್ದೆಯಲ್ಲ. ಹಾಳಾಗೋಯ್ತು, ಆದ್ರೆ ನಾನ್ ನೋಡಿವ್ನಿ ಅಂತ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತು ನಂಗೆ."

"ಹೇಳ್ತೀನಿ ಯಜಮಾನ್ರೇ. ಎಲ್ಲರ ಮುಂದೇನೇ ಹೇಳ್ತೀನಿ" ಎಂದೆ.

ಆಗ ಪಂಚಾಯಿತಿ ಚುನಾವಣೆ ಹತ್ತಿರವಿತ್ತು, ನಾನು ನಿಂತಿದ್ದೆ. ಅದು ಮುಗಿಯಲಿ ಎಂದುಕೊಂಡೆ. ಚುನಾವಣೆ ಮುಗಿಯಿತು, ನಾನು ಗೆದ್ದೆ. ಗೆದ್ದವನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವರು ಮತ್ತೆ ಕೇಳಲಿಲ್ಲ. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಗುಡಿಸಲಿನಲ್ಲಿ ತೀರಿಕೊಂಡಿದ್ದರು. ಬಂಧುಗಳು ಯಾರೂ ಇರಲಿಲ್ಲ. ಮಣ್ಣು ಮಾಡಿಸಿದವನು ನಾನೇ. ಊರವರು ನನ್ನನ್ನು ಹೊಗಳಿದರು.

ಮರಣ ಬರೆಸಲು ಹೋದಾಗ ಗ್ರಾಮ ಲೆಕ್ಕಿಗರು ಒಂದೊಂದಾಗಿ ಕೇಳಿದರು. ಹೆಸರು, ವಯಸ್ಸು, ತಂದೆಯ ಹೆಸರು. "ಕಸುಬು?" ಎಂದರು. ಪಕ್ಕದ ಬೆಂಚಿನಲ್ಲಿ ನಮ್ಮೂರಿನ ನಾಲ್ಕು ಜನ ಕೂತಿದ್ದರು. ಹೇಳುವುದಾದರೆ ಅದೇ ಹೊತ್ತು, ಅದೇ ಜನ.

"ಕೂಲಿ ಅಂತ ಬರ್ಕಳಿ" ಎಂದೆ. ಅವರು ಬರೆದರು. ನಾನು ಸಹಿ ಹಾಕಿದೆ.

ನನಗೀಗ ಅವರು ಸತ್ತಾಗಿನ ವಯಸ್ಸೂ ದಾಟಿದೆ. ಅಂದು ನಕ್ಕವರಲ್ಲಿ ಒಬ್ಬರೂ ಬದುಕಿಲ್ಲ. ಹೋದ ವರ್ಷ ತಿಪಟೂರಿನ ತಾಲ್ಲೂಕು ಕಚೇರಿಗೆ ಹೋಗಿ, ಮರಣ ದಾಖಲೆಯಲ್ಲಿ ಆ ಒಂದು ಶಬ್ದ ತಿದ್ದಿಕೊಡಿ, ಸಿನಿಮಾ ನಟ ಎಂದು ಬರೆಯಿರಿ ಎಂದು ಕೇಳಿಕೊಂಡೆ. ಕಚೇರಿಯಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡು, ಅದಕ್ಕೆ ಆಧಾರ ಏನಿದೆ ಎಂದಳು.

"ನಾನೇ ಕಣ್ಣಾರೆ ನೋಡಿವ್ನಿ ಕಣಮ್ಮ" ಎಂದೆ.

ಆಕೆ ಆ ಹಳೆಯ ದಾಖಲೆಯನ್ನು ನನ್ನ ಕಡೆ ತಿರುಗಿಸಿ ನನ್ನ ಸಹಿಯನ್ನು ತೋರಿಸಿದಳು. "ಮತ್ತೆ ಆವತ್ತೇ ಹೇಳ್ಬೇಕಿತ್ತಲ್ವಾ ತಾತ?"