ಕಣ್ಣು ಬಿಟ್ಟ ಫೋಟೋ

ಬೀರುವಿನ ಕೆಳಗಿನ ಅರೆಯಲ್ಲಿ, ನುಸಿಗುಳಿಗೆ ವಾಸನೆ ಹಿಡಿದ ಸೀರೆಗಳ ಅಡಿಯಲ್ಲಿ, ಮೊನ್ನೆ ಒಂದು ಸಿಡಿ ಸಿಕ್ಕಿತು. ಮೇಲೆ ನೀಲಿ ಮಾರ್ಕರಿನಲ್ಲಿ 'ಸೆಲೆಕ್ಟೆಡ್' ಎಂದು ಬರೆದಿತ್ತು. ಆ ಅಕ್ಷರ ನೋಡಿದ್ದೇ ತಡ, ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷವಾದರೂ ಆರಿಲ್ಲವಲ್ಲ ಎಂದು ನನಗೇ ಆಶ್ಚರ್ಯ. ಬರೆದವರು ಹಾರೋಹಳ್ಳಿಯ ಸ್ಟುಡಿಯೋ ಮಾವ. ಅವರು ತೀರಿಕೊಂಡು ಬಹಳ ಕಾಲವಾಯಿತು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಸಿಡಿಯಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ಹಾಕಿಸೋಣವೆಂದರೆ ಸಿಡಿ ತೂರಿಸುವ ಕಂಪ್ಯೂಟರೇ ಯಾರ ಹತ್ತಿರವೂ ಇಲ್ಲ. ಒಬ್ಬ ಅಂಗಡಿಯವನು ಅದನ್ನು ತಿರುಗಿಸಿ ನೋಡಿ ನಕ್ಕ. ಇನ್ನೊಬ್ಬ ನಾಳೆ ಬನ್ನಿ ಎಂದ. ಮರುದಿನ ಹೋದರೆ ಬಾಗಿಲು ಹಾಕಿತ್ತು. ಕೊನೆಗೆ ಕನಕಪುರದ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಹಳೆಯದೊಂದು ಸಿಕ್ಕಿತು. ಸಿಡಿ ಒಳಗೆ ಹೋಗಿ ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ನನಗೆ ಬೇಕಾಗಿದ್ದುದು ಬದುಕಿದ್ದಾಗಿನ ನಮ್ಮವ್ವನ ಒಂದೇ ಒಂದು ಫೋಟೋ.

ಸ್ಟುಡಿಯೋ ಮಾವ ನಮಗೆ ನೆಂಟರೇನಲ್ಲ. ಅವ್ವನನ್ನು ಅಕ್ಕ ಎನ್ನುತ್ತಿದ್ದರು, ಹಾಗಾಗಿ ನಮಗೆ ಮಾವ. ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಗೇಟು ದಾಟಬೇಕಾದರೆ ಐಡಿ ಕಾರ್ಡು ಬೇಕು, ಕಾರ್ಡಿಗೆ ಫೋಟೋ ಬೇಕು. ರಾಗಿ ಹೊಲದಿಂದ ನೇರವಾಗಿ ಬಂದವರಿಗೆಂದು ಅವರು ಗೋಡೆಯ ಮೊಳೆಗೆ ಒಂದು ಬಿಳಿ ಶರ್ಟು ನೇತುಹಾಕಿದ್ದರು. ಪಕ್ಕದಲ್ಲಿ ಬಾಚಣಿಗೆ, ಪೌಡರ್ ಡಬ್ಬಿ. ಆ ಒಂದು ಶರ್ಟಿನಲ್ಲೇ ಅರ್ಧ ಹೋಬಳಿ ಕೆಲಸಕ್ಕೆ ಸೇರಿತು. ನನ್ನ ಕಾರ್ಡಿನ ಫೋಟೋ ತೆಗೆದವರೂ ಅವರೇ. ಆ ವ್ಯಾಪಾರದಿಂದಲೇ ರೀಲಿನ ಕ್ಯಾಮೆರಾ ಮೂಲೆಗಿಟ್ಟು ಡಿಜಿಟಲ್ ಕ್ಯಾಮೆರಾ ಕೊಂಡರು, ಕಂಪ್ಯೂಟರ್ ತಂದರು.

ಕೆಲಸದಲ್ಲಿ ಮಹಾ ಅಚ್ಚುಕಟ್ಟು. ಮದುವೆ ಮುಗಿದ ಮೇಲೆ ಮನೆಯವರನ್ನೆಲ್ಲ ಕಂಪ್ಯೂಟರ್ ಮುಂದೆ ಬೆಂಚಿನ ಮೇಲೆ ಕೂರಿಸಿ ಒಂದೊಂದೇ ಫೋಟೋ ತೋರಿಸುವರು. ಆರಿಸಿದ್ದನ್ನು ಎರಡು ಸಿಡಿಗೆ ಹಾಕಿ, ಮೇಲೆ 'ಸೆಲೆಕ್ಟೆಡ್' ಎಂದು ಬರೆಯುವರು. ಒಂದು ನಮಗೆ, ಒಂದು ಅವರ ಗಾಜಿನ ಕಪಾಟಿಗೆ. ನಮ್ಮ ಸಿಡಿ ಕಳೆದುಹೋದರೂ ಚಿಂತೆಯಿಲ್ಲ, ತಮ್ಮಲ್ಲಿ ಭದ್ರವಾಗಿರುತ್ತದೆ ಎನ್ನುವರು. ಉಳಿದದ್ದನ್ನು ಅಳಿಸಿ ಮುಂದಿನ ಮದುವೆಗೆ ಜಾಗ ಮಾಡಿಕೊಳ್ಳುವರು. ಅಲ್ಲಿಯವರೆಗೆ ಎಲ್ಲ ಸರಿ.

ನಮ್ಮಣ್ಣನ ಮದುವೆಯ ಫೋಟೋ ನೋಡಲು ಕುಳಿತಾಗ ಗೊತ್ತಾಯಿತು. ಅತ್ತಿಗೆಯ ಕಡೆಯವರಿದ್ದಾರೆ, ಅಡುಗೆ ಭಟ್ಟರಿದ್ದಾರೆ, ಯಾರೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಟೋಪಿಯವನೂ ಇದ್ದಾನೆ. ಮದುಮಗನ ಅವ್ವ ಇಲ್ಲ. ಎಲ್ಲಿ ಎಂದು ಕೇಳಿದರೆ, ಕಣ್ಣು ಮುಚ್ಚಿದವನ್ನೆಲ್ಲ ಆಗಲೇ ತೆಗೆದು ಹಾಕಿದ್ದೇನೆ ಎಂದರು ಮಾವ.

ಅವ್ವ ವಯಸ್ಸಿನಲ್ಲಿ ರೇಷ್ಮೆ ಬಿಚ್ಚಾಣಿಕೆಗೆ ಹೋಗುತ್ತಿದ್ದವಳು. ಕುದಿಯುವ ನೀರಿನ ಮುಂದೆ ಕುಳಿತು ಗೂಡಿನ ಎಳೆ ತೆಗೆಯುವ ಕೆಲಸ. ಆ ಹಬೆಗೂ ಹೊಗೆಗೂ ಅವಳ ಕಣ್ಣು ಬೆಳಕು ತಡೆಯುತ್ತಿರಲಿಲ್ಲ. ಹೊಸ ಕ್ಯಾಮೆರಾವೋ, ಒಂದು ಫೋಟೋಗೆ ಎರಡು ಸಲ ಮಿಂಚುವುದು. ಮೊದಲ ಮಿಂಚಿಗೆ ಮುಚ್ಚಿದ ಕಣ್ಣು ಎರಡನೆಯದು ಮುಗಿದರೂ ತೆರೆಯದು. "ಒಸಿ ಕಣ್ಬುಡಕ್ಕ," ಎಂದು ಮಾವ ಗೋಗರೆಯುವರು. ಅವ್ವ ಬಿಟ್ಟುಕೊಂಡು ನಿಲ್ಲುವಳು, ಮಿಂಚಿದೊಡನೆ ಮತ್ತೆ ಮುಚ್ಚುವಳು.

ಮುಚ್ಚಿದ್ದರೂ ಪರವಾಗಿಲ್ಲ, ಇನ್ನು ಮುಂದೆ ಒಂದಾದರೂ ಇಡಿ ಎಂದು ನಾನು ಅಂದೇ ಹೇಳಿದ್ದೆ. ಮಾವ ಕಿವಿ ಮುಟ್ಟಿಕೊಂಡರು.

"ಬದುಕಿರೋರ್ದು ಕಣ್ಮುಚ್ಚಿರೋ ಫೋಟೋ ಮಡಗಬಾರ್ದು ಕಣವ್ವ. ಮನೆಗೆ ಒಳ್ಳೇದಲ್ಲ."

ಬೆಂಚಿನ ತುದಿಯಲ್ಲಿ ಕುಳಿತಿದ್ದ ಅವ್ವನೂ ಹೂಂ ಎಂದು ತಲೆಯಾಡಿಸಿದಳು. ತನ್ನ ಮೂತಿ ಇಲ್ಲದಿದ್ದರೆ ಆಲ್ಬಮ್ಮೇ ಚೆನ್ನ ಎಂದು ನಕ್ಕಳು. ಆಮೇಲೆ ಹೊಸಮನೆಯ ಗೃಹಪ್ರವೇಶ, ಅಣ್ಣನ ಮಗುವಿನ ನಾಮಕರಣ... ಎಲ್ಲದರಲ್ಲೂ ಅದೇ ಕಥೆ. ನಾನು ಹೇಳುವುದು, ಅವರು ಕಿವಿ ಮುಟ್ಟಿಕೊಳ್ಳುವುದು. ಬೈದುಬಿಡೋಣವೆಂದರೆ ಒಳ್ಳೆಯ ಮನುಷ್ಯ. ಅವ್ವ ಚೆನ್ನಾಗಿರಲಿ ಎಂದೇ ಅವಳನ್ನು ಅಳಿಸುತ್ತಿದ್ದರು.

ಅವ್ವ ಒಂದು ಬೆಳಗ್ಗೆ ಎದೆನೋವು ಎಂದು ಕುಳಿತವಳು ಏಳಲಿಲ್ಲ. ನಮ್ಮ ಕಡೆ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹೂವಿನ ಹಾರ ಹಾಕಿ, ಕೊನೆಯ ಫೋಟೋ ತೆಗೆಸುತ್ತಾರೆ. ಮಾವ ಕರೆಯದಿದ್ದರೂ ಬಂದರು. ಅಳುತ್ತಲೇ ತೆಗೆದರು. ಆವತ್ತು ಮಾತ್ರ ಯಾರೂ ಅವಳಿಗೆ ಕಣ್ಣು ಬಿಡು ಎನ್ನಲಿಲ್ಲ...

ತಿಥಿಗೆ ಇಡಲು ಫೋಟೋ ಬೇಕಲ್ಲ. ಅವ್ವನ ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ. ವೋಟರ್ ಕಾರ್ಡಿನಲ್ಲಿದ್ದುದು ಮಸಿ ಮೆತ್ತಿದಂತಿತ್ತು. ನಾನು ಸ್ಟುಡಿಯೋಗೆ ಓಡಿದೆ. ಮಾವ ಗಾಜಿನ ಕಪಾಟು ತೆರೆದು ನಮ್ಮ ಮನೆಯ ಸಿಡಿಗಳನ್ನೆಲ್ಲ ಹಾಕಿ ಹಾಕಿ ತೆಗೆದರು. ಅಣ್ಣನ ಹಿಂದೆ ಅವ್ವನ ಸೆರಗು ಕಂಡಿತು. ಆರತಿ ತಟ್ಟೆ ಹಿಡಿದ ಅವಳ ಕೈ ಕಂಡಿತು. ಮುಖ ಎಲ್ಲೂ ಇಲ್ಲ. ಅವರು ಹಣೆಗೆ ಕೈಹಚ್ಚಿ ಕುಳಿತರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಆಮೇಲೆ ಮಾವ ಎದ್ದು, ಐಡಿ ಕಾರ್ಡಿನವರು ಕೂರುವ ಸ್ಟೂಲನ್ನು ಬೆಳಕಿಗೆ ಎಳೆದರು.

"ನಿಮ್ಮವ್ವನ ಕಣ್ಣೇ ನಿಂದು ಕಣವ್ವ. ಕುಂತ್ಕೊ."

ಕುರ್ಚಿಯಲ್ಲಿ ಕೂರಿಸಿ ತೆಗೆದ ಅವ್ವನ ಮುಖಕ್ಕೆ ನನ್ನ ಕಣ್ಣು ಕತ್ತರಿಸಿ ಕೂರಿಸಿದರು. ಹಿಂದಿನ ಗೋಡೆ ಅಳಿಸಿ ನೀಲಿ ಬಣ್ಣ ಹಾಕಿದರು. ಕಟ್ಟು ಹಾಕಿಸಿದ ಫೋಟೋದ ಜೊತೆ, ನಮ್ಮ ಮನೆಯ ಫೋಟೋಗಳನ್ನೆಲ್ಲ ಒಟ್ಟಿಗೆ ಹಾಕಿದ ಈ ಸಿಡಿಯನ್ನೂ ಕೈಗಿಟ್ಟರು. ನಾನದನ್ನು ನೋಡದೆ ಬೀರುವಿಗೆ ಎಸೆದೆ. ತಿಥಿಗೆ ಬಂದವರೆಲ್ಲ, ಎದ್ದು ಬಂದಂಗವ್ಳೆ ಎಂದು ಕಣ್ಣೊರೆಸಿಕೊಂಡರು. ಇಂದಿಗೂ ಮನೆಗೆ ಬಂದ ನೆಂಟರು ಗೋಡೆಯ ಮೇಲಿನ ಆ ಫೋಟೋ ನೋಡಿ, ಆಮೇಲೆ ನನ್ನ ಮುಖ ನೋಡಿ, ಕಣ್ಣು ಥೇಟ್ ಅವ್ವಂದೇ ಎನ್ನುತ್ತಾರೆ. ನನ್ನ ಕಣ್ಣು ನನ್ನ ಕಣ್ಣಿನ ಹಾಗಿರದೆ ಇನ್ನು ಹೇಗಿರಬೇಕು ಎಂದು ರೇಗುತ್ತದೆ. ಅವ್ವನ ಕಣ್ಣು ಹೇಗಿತ್ತೆಂದು ನೆನೆಸಿಕೊಳ್ಳಲು ಕುಳಿತರೆ ಆ ಫೋಟೋವೇ ಅಡ್ಡ ಬಂದು ನಿಲ್ಲುತ್ತದೆ. ಇದ್ದ ನೆನಪೂ ಹೋಯಿತು.

ಜೆರಾಕ್ಸ್ ಅಂಗಡಿಯಲ್ಲಿ ಕೊನೆಗೂ ಸಿಡಿ ತೆರೆದುಕೊಂಡಿತು. ತಿಥಿಯ ಗಡಿಬಿಡಿಯಲ್ಲಿ ಕಣ್ಣು ತಪ್ಪಿದ್ದೊಂದು ಮಾವನಿಗೆ ಆಮೇಲೆ ಸಿಕ್ಕಿರಬಹುದೇ ಎಂಬ ಆಸೆ ನನಗೆ. ಅದೇ ಮದುವೆ, ಅದೇ ಗೃಹಪ್ರವೇಶ, ಅದೇ ಸೆರಗು. ನೀಲಿ ಹಿನ್ನೆಲೆಯ ನನ್ನ ಕಣ್ಣಿನ ಅವ್ವ. ಎಲ್ಲಕ್ಕಿಂತ ಕೊನೆಗೆ, ಏನೂ ತಿದ್ದದೆ ಹಾಗೇ ಉಳಿಸಿದ್ದ ಕುರ್ಚಿಯ ಫೋಟೋ. ದವಡೆಗೆ ಬಟ್ಟೆ ಕಟ್ಟಿದೆ, ಹಾರ ಒಂದು ಕಡೆ ಜಾರಿದೆ. ಸತ್ತವರ ಕಣ್ಣು ಮುಚ್ಚಿದ್ದರೆ ಮಾವನಿಗೆ ಅಡ್ಡಿಯಿರಲಿಲ್ಲ.

ಕಾಪಿ ಮಾಡಲು ಒಂದೊಂದೇ ಆರಿಸುತ್ತಿದ್ದ ಅಂಗಡಿಯವನು ಅಲ್ಲಿ ಕೈ ತಡೆದ. ನನ್ನ ಕಡೆ ತಿರುಗದೆ ಮೆಲ್ಲಗೆ ಕೇಳಿದ.

"ಅಕ್ಕ, ಇದು ಬಾಡಿ ಫೋಟೋ. ಬುಟ್ಬುಡ್ಲಾ?"

"ಬ್ಯಾರೆವೆಲ್ಲ ಬುಡಪ್ಪ," ಎಂದೆ. "ಅದೊಂದ ಹಾಕು. ನಮ್ಮವ್ವಂದು ಅಂತ ಇರೋದು ಅದೊಂದೇಯ."