ಗೋಪನಕೊಪ್ಪದ ಅಂಗಳದಲ್ಲಿ ದೋಣಿಗೆ ಕರೆಂಟು ಕೊಟ್ಟಿದ್ದು

ಸಮುದ್ರವೇ ಇಲ್ಲದ ಹುಬ್ಬಳ್ಳಿಯಲ್ಲಿ, ಮನೆಯ ಅಂಗಳದಲ್ಲಿ ಹಾಯಿದೋಣಿ ಕಟ್ಟಿದವರು ನನ್ನ ಕಾಕಾ ಒಬ್ಬರೇ ಇರಬೇಕು. ಮಿಷನ್ ಶಾಲೆಯೊಂದರಲ್ಲಿ ಬಡಿಗತನ ಕಲಿಸಿ ನಿವೃತ್ತರಾದ ಮೇಲೆ ಗೋಪನಕೊಪ್ಪದ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಅವರು ಈ ಕೆಲಸಕ್ಕೆ ಕೈಹಾಕಿದರು. ನೋಡಲು ಬಂದವರೆಲ್ಲ, “ಇದನ್ನ ಉಣಕಲ್ ಕೆರ್ಯಾಗ ಬಿಡ್ತೀರೇನ್ರಿ?” ಎಂದು ಕೇಳಿಯೇ ಹೋಗುತ್ತಿದ್ದರು. ಕಾಕಾ ನಗದೆ, “ಕಾರವಾರಕ್ಕ ಒಯ್ಯೋದೈತಿ” ಎನ್ನುತ್ತಿದ್ದರು.

ನಾನು ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ಪ್ಯಾನೆಲ್‌ಗಳನ್ನು ಪರೀಕ್ಷಿಸುವ ಇಂಜಿನಿಯರ್. ವೈರಿಂಗ್ ನನಗೆ ಬಿಡಿ ಎಂದಿದ್ದೆ. ಕಾಕಾ ಕಾಯಲಿಲ್ಲ. ಒಂದು ಭಾನುವಾರ ಚರ್ಚ್ ಮುಗಿಸಿ ನಾನು ಹೋಗುವಷ್ಟರಲ್ಲಿ ದೋಣಿಯೊಳಗೆ ದೀಪ, ಫ್ಯಾನು, ಸಾಕೆಟ್ಟುಗಳನ್ನೆಲ್ಲ ಕೂಡಿಸಿಬಿಟ್ಟಿದ್ದರು. ಬಂದರಿನ ದಕ್ಕೆಯಲ್ಲಿ ನಿಂತಾಗ ದೋಣಿಗೆ ದಂಡೆಯಿಂದ ಕರೆಂಟು ಬರಬೇಕು. ಸದ್ಯಕ್ಕೆ ಕಾಕಾನ ಹೆಂಡತಿ, ನಮ್ಮ ಕಾಕುವಿನ ಅಡುಗೆಮನೆಯೇ ದಂಡೆ.

ಅಲ್ಲಿಂದ ಉದ್ದನೆಯ ವೈರು ಎಳೆದು ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೆಲ್ಲ ಹೋಯಿತು. ಮತ್ತೆ ಹಾಕಿದರು, ಮತ್ತೆ ಹೋಯಿತು.

ಕಾಕು ಹೊರಗೆ ಬಂದರು. “ನನ್ನ ಚಟ್ನಿ ಅರ್ಧಕ್ಕ ನಿಂತೈತ್ರಿ. ನಿಮ್ಮ ಹಡಗ ಆಮ್ಯಾಲೆ ನೋಡಕೊಳ್ರಿ.”

ಬೀಳುತ್ತಿದ್ದುದು ಬಾಗಿಲ ಬಳಿ ನಾನೇ ಹಾಕಿಸಿದ್ದ ಇಎಲ್‌ಸಿಬಿ. ಒಳಗೆ ಹೋದಷ್ಟೇ ಕರೆಂಟು ತಿರುಗಿ ಬರದಿದ್ದರೆ, ಎಲ್ಲೋ ಸೋರಿತು ಎಂದು ಕ್ಷಣದಲ್ಲಿ ಎಲ್ಲವನ್ನೂ ಕಡಿದುಬಿಡುವ ಸ್ವಿಚ್ಚು ಅದು.

“ಇದು ಭಾಳ ಅಂಜುಬುರುಕ ಐತಿ ಮಗಳ,” ಎಂದರು ಕಾಕಾ. “ಇದನ್ನ ಬಿಟ್ಟು ಸೀದಾ ಲೈನ್ ಕೊಟ್ಟುಬಿಡೋಣು.”

“ಬ್ಯಾಡ್ರಿ ಕಾಕಾ. ಯಾಕ ಬೀಳಾಕತ್ತೈತಿ ಅಂತ ಮೊದಲ ನೋಡೋಣು.”

ವೈರು ಕಿತ್ತಿಟ್ಟು, ಮೀಟರ್ ಹಿಡಿದು ದೋಣಿಯೊಳಗೆ ತೂರಿದೆ. ಫ್ಯಾನು ಸರಿ ಇತ್ತು, ಸಾಕೆಟ್ಟುಗಳೂ ಸರಿ ಇದ್ದವು. ಕೊನೆಗೆ ಹಾಯಿ ಕಟ್ಟುವ ಅಲ್ಯುಮಿನಿಯಂ ಕಂಬದ ಬುಡದಲ್ಲಿ ಸಿಕ್ಕಿತು. ಕಂಬವನ್ನು ಬಿಗಿಯಲು ಹೊಡೆದ ಸ್ಕ್ರೂ ಒಂದು ಹಲಗೆಯ ಹಿಂದಿನ ವೈರಿನೊಳಗೆ ಇಳಿದಿತ್ತು. ಸ್ವಿಚ್ ಹಾಕಿದಾಗೆಲ್ಲ ಕಂಬಕ್ಕೆ ಕರೆಂಟು ಹತ್ತುತ್ತಿತ್ತು. ಕಂಬ ಅಲುಗದಿರಲೆಂದು ಅದರ ತುದಿಯಿಂದ ಅಂಗಳದ ಕಬ್ಬಿಣದ ಗೂಟಕ್ಕೆ ಸ್ಟೀಲ್ ತಂತಿ ಎಳೆದಿದ್ದರು. ಕರೆಂಟು ಅದರಗುಂಟ ನೆಲಕ್ಕೆ ಸೋರುತ್ತಿತ್ತು.

ನಾನು ಹೊರಬಂದಾಗ ಆ ತಂತಿಯ ಕೆಳಗೆ ಕಾಕು ಬರಿಗಾಲಲ್ಲಿ, ಹಿಂಡಿದ ಸೀರೆ ಹಿಡಿದು ನಿಂತಿದ್ದರು. ದೋಣಿ ಎದ್ದಾಗಿನಿಂದ ಅವರು ಒಣಹಾಕುತ್ತಿದ್ದುದು ಅದರ ಮೇಲೆಯೇ.

ನಾನು ಕಂಡದ್ದನ್ನು ಹೇಳಿದೆ. ಕಾಕಾ ಮೆಲ್ಲಗೆ ಹೋಗಿ ಕಾಕುವಿನ ಕೈಯಿಂದ ಸೀರೆ ಇಸಿದುಕೊಂಡು, ಕಾಂಪೌಂಡ್ ಗೋಡೆಯ ಮೇಲೆ ತಾವೇ ಹರವಿದರು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಬಾಗಿಲಾಚೆಯ ಆ ತಂತಿಯನ್ನೇ ನೋಡುತ್ತಿದ್ದರು. ಕಾಕುವೇ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, “ಆತು ಬಿಡ್ರಿ, ಆಗಬಾರದ್ದು ಏನೂ ಆಗಿಲ್ಲಲ್ಲ” ಎಂದರು.

ಆಮೇಲೆ ವೈರೆಲ್ಲ ಕಿತ್ತು ಪೈಪಿನೊಳಗೆ ಹೊಸದಾಗಿ ಎಳೆದೆವು, ಕಂಬಕ್ಕೆ ಅರ್ಥಿಂಗ್ ಕೊಟ್ಟೆವು, ದೋಣಿಗೇ ಬೇರೊಂದು ಇಎಲ್‌ಸಿಬಿ ಕೂಡಿಸಿದೆವು.

ದೀಪಾವಳಿ ಕಳೆದ ಮೇಲೆ ದೋಣಿ ಲಾರಿ ಏರಿ ಕಾರವಾರಕ್ಕೆ ಹೋಯಿತು. ದಕ್ಕೆಯಲ್ಲಿ ಕರೆಂಟು ಕೂಡಿಸಿ, ಕಾಕು ಚಹಾಕ್ಕೆ ಕೆಟಲ್ ಹಚ್ಚಿದ್ದರು. ಕಾಕಾ ಬಂದು, ಸರಿಯಾಗಿ ಬೀಳುತ್ತದೋ ನೋಡಲು ಇಎಲ್‌ಸಿಬಿಯ ಟೆಸ್ಟ್ ಗುಂಡಿ ಒತ್ತಿದರು. ಎಲ್ಲ ಆರಿತು.

“ಛಲೋ ಐತಿ,” ಎಂದರು.

“ಚಹಾ ಆದಮ್ಯಾಲೆ ಒತ್ತಬಾರದಾಗಿತ್ತೇನ್ರಿ?” ಎಂದರು ಕಾಕು.

ಸಂಜೆ ಹಾಯಿ ಬಿಚ್ಚಿ ಸ್ವಲ್ಪ ದೂರ ಹೋಗಿದ್ದೆವು, ಅಷ್ಟರಲ್ಲಿ ತೆರೆಗಳ ಹೊಯ್ದಾಟಕ್ಕೆ ಕಾಕಾನಿಗೆ ವಾಂತಿಯಾಯಿತು. ಚುಕ್ಕಾಣಿ ಹಿಡಿದು ನಮ್ಮನ್ನು ದಂಡೆಗೆ ತಂದವರು ಕಾಕು.